‘ಡೌಟ್’ ಮತ್ತು ‘ಸಸ್ಪೆಕ್ಟ್’: ನಮ್ಮ ಒಂದೇ ‘ಅನುಮಾನ’ಕ್ಕೆ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳೇಕೆ?

ಚೀಲದ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ಗೋದಾಮಿನಲ್ಲಿ ದಾಸ್ತಾನಿನ ಲೆಕ್ಕ ಬರೆಯುವವನು. ಹೋದ ತಿಂಗಳು ನಮ್ಮಲ್ಲಿಂದ ಮಂಗಳೂರಿಗೆ ಹೋದ ಲಾರಿಯಲ್ಲಿ 60 ಕಿಲೋ ಇರಬೇಕಾದ ಚೀಲಗಳ ಪೈಕಿ ಒಂಬತ್ತು ತೂಕದಲ್ಲಿ ಕಡಿಮೆ ಬಂದವು. ಅವುಗಳ ಬಾಯಿಯನ್ನು ಬಿಚ್ಚಿ ಮತ್ತೆ ಹೊಲಿದಿದ್ದರು. ನಾವು ಹೊಲಿಯುವುದು ನೀಲಿ ದಾರದಲ್ಲಿ. ಆ ಒಂಬತ್ತು ಚೀಲಗಳಲ್ಲಿ ಇದ್ದದ್ದು ಬಿಳಿ ದಾರ. ದಾರಿಯಲ್ಲಿ ಯಾರೋ ಚೀಲ ಬಿಚ್ಚಿದ್ದಾರೆಂಬ ಅನುಮಾನ ನನಗೆ ಬಲವಾಗಿಯೇ ಇತ್ತು. ಅದನ್ನು ಕೇಂದ್ರ ಕಚೇರಿಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ವೀ ಡೌಟ್ ದಟ್ ದ ಬ್ಯಾಗ್ಸ್ ವರ್ ಓಪನ್ಡ್ ಆನ್ ದ ವೇ’ ಎಂದು ಒಂದೇ ವಾಕ್ಯದಲ್ಲಿ ಬರೆದು ಕಳಿಸಿದೆ.

ಅಲ್ಲಿ ಪತ್ರ ಓದಿದವರು ಹೊರದೇಶದಲ್ಲಿ ಬಹಳ ವರ್ಷ ಇದ್ದು ಬಂದವರು. ಚೀಲಗಳನ್ನು ದಾರಿಯಲ್ಲಿ ಬಿಚ್ಚಿರಲಾರರು ಎಂದು ಗೋದಾಮಿನವರೇ ಹೇಳುತ್ತಿದ್ದಾರೆ ಎಂದು ಅವರು ಅರ್ಥ ಮಾಡಿಕೊಂಡರು. ಹಾಗಿದ್ದರೆ ಕಾಫಿ ಹೋದದ್ದು ಗೋದಾಮಿನಿಂದಲೇ ಎಂದು ತೀರ್ಮಾನಿಸಿ ಮೂರು ದಿನ ನನ್ನ ದಾಸ್ತಾನನ್ನೇ ತೂಗಿಸಿದರು. ನಾನು ಹೇಳಬೇಕೆಂದಿದ್ದಕ್ಕೆ ನೇರ ವಿರುದ್ಧವಾದ ಅರ್ಥ ಅವರಿಗೆ ತಲುಪಿತ್ತು. ‘ಸಸ್ಪೆಕ್ಟ್’ ಎಂದು ಬರೆಯಬೇಕಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಬಳಿಯ ನಿಘಂಟಿನಲ್ಲಿ ಎರಡಕ್ಕೂ ‘ಅನುಮಾನಿಸು, ಸಂಶಯಪಡು’ ಎಂದೇ ಇದೆ. ಅರ್ಥ ಒಂದೇ ಎಂದು ನಿಘಂಟು ಹೇಳುವ ಎರಡು ಪದಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲುವುದು ಹೇಗೆ ಎಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ನಿವೃತ್ತ ಮೇಷ್ಟ್ರು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನಾಗಿ ಹೇಳುತ್ತೇನೆ, ಈ ತಪ್ಪನ್ನು ನಾನು ಮಕ್ಕಳ ಪುಸ್ತಕಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ತಿದ್ದಿದ್ದೇನೆ. ಆದರೆ ಅದು ಏಕೆ ಆಗುತ್ತದೆ ಎಂದು ಕೂತು ಯೋಚಿಸಿದ್ದು ನಿವೃತ್ತನಾದ ಮೇಲೆಯೇ. ಖಚಿತವಾಗಿ ಗೊತ್ತಿಲ್ಲ ಎಂಬುದು ಎರಡೂ ಕ್ರಿಯಾಪದಗಳಿಗೆ ಸಮಾನವಾದ ನೆಲೆ. ವ್ಯತ್ಯಾಸ ಇರುವುದು ಮನಸ್ಸಿನ ತಕ್ಕಡಿ ಯಾವ ಕಡೆಗೆ ವಾಲಿದೆ ಎಂಬುದರಲ್ಲಿ. ‘ಡೌಟ್’ ಎಂದರೆ ‘ಇರಲಿಕ್ಕಿಲ್ಲ’ ಎಂಬ ಕಡೆಗೆ ವಾಲಿದ್ದು. ‘ಸಸ್ಪೆಕ್ಟ್’ ಎಂದರೆ ‘ಇರಬೇಕು’ ಎಂಬ ಕಡೆಗೆ ವಾಲಿದ್ದು. ಇಂಗ್ಲಿಷಿನವರು ಈ ವಾಲಿಕೆಯನ್ನು ಕ್ರಿಯಾಪದದ ಹೊಟ್ಟೆಯೊಳಗೇ ತುಂಬಿಟ್ಟಿದ್ದಾರೆ.

ಹಾಗೆಂದು ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ ಎಂದು ಯಾರೂ ಭಾವಿಸಬಾರದು. ನಾವು ಅದನ್ನು ‘ಅನುಮಾನ’ ಎಂಬ ಪದದಲ್ಲಿ ಇಡದೆ ಅದರ ಹಿಂದೆ ಬರುವ ಮಾತಿನ ಬಾಲದಲ್ಲಿ ಇಡುತ್ತೇವೆ. ‘ಅವನು ಬರುತ್ತಾನೆಂಬ ಅನುಮಾನ’ ಎಂದರೆ ಬರುತ್ತಾನೆ ಎಂದೇ ನನ್ನ ಎಣಿಕೆ. ‘ಅವನು ಬರುತ್ತಾನೋ ಇಲ್ಲವೋ ಎಂಬ ಅನುಮಾನ’ ಎಂದರೆ ತಕ್ಕಡಿ ನಡುವೆ ನಿಂತಿದೆ. ‘ಅವನು ಬರುವುದು ಅನುಮಾನ’ ಎಂದರೆ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮೂರರಲ್ಲಿಯೂ ಅನುಮಾನ ಅದೇ. ‘ಎಂಬ’, ‘ಓ’, ‘ವುದು’ ಎಂಬ ಬಾಲಗಳಷ್ಟೇ ಬೇರೆ. ಇಂಗ್ಲಿಷಿಗೆ ಹೋಗುವಾಗ ಮೊದಲನೆಯದು ‘ಸಸ್ಪೆಕ್ಟ್ ದಟ್’, ಎರಡನೆಯದು ‘ಡೌಟ್ ವೆದರ್’, ಮೂರನೆಯದು ‘ಡೌಟ್ ದಟ್’ ಆಗುತ್ತದೆ. ನೀವು ಮೊದಲನೆಯ ಬಗೆಯ ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರನೆಯ ಬಗೆಯ ಇಂಗ್ಲಿಷನ್ನು ಬರೆದಿರಿ. ಬಾಲವನ್ನು ಇಲ್ಲಿಯೇ ಬಿಟ್ಟು ಪದವನ್ನು ಮಾತ್ರ ಲಾರಿಗೆ ಹೇರಿದಂತಾಯಿತು.

ಕರಡು ತಿದ್ದುವವಳು

ಮೇಷ್ಟ್ರು ಹೇಳಿದ ಮೂರನೆಯ ಬಗೆಯನ್ನು ಪತ್ರಿಕೆಯಲ್ಲಿ ನಾವು ದಿನಾ ಬರೆಯುತ್ತೇವೆ. ಮೊಣಕಾಲಿಗೆ ಪೆಟ್ಟಾದ ಆಟಗಾರ ‘ನಾಳೆ ಕಣಕ್ಕಿಳಿಯುವುದು ಅನುಮಾನ’ ಎಂದು ಶೀರ್ಷಿಕೆ ಕೊಟ್ಟರೆ, ಅವನು ಆಡುತ್ತಾನೆ ಎಂದು ಯಾವ ಓದುಗನೂ ತಿಳಿಯುವುದಿಲ್ಲ. ಅದೇ ಪುಟದ ಇನ್ನೊಂದು ಮೂಲೆಯಲ್ಲಿ ‘ಗೋದಾಮಿಗೆ ಬೆಂಕಿ: ಶಾರ್ಟ್ ಸರ್ಕ್ಯೂಟ್ ಶಂಕೆ’ ಎಂದು ಇರುತ್ತದೆ, ಶಾರ್ಟ್ ಸರ್ಕ್ಯೂಟ್ ಆಗಿರಲಿಕ್ಕಿಲ್ಲ ಎಂದು ಅದನ್ನೂ ಯಾರೂ ಓದುವುದಿಲ್ಲ. ಹೆಸರುಪದದ ಪಕ್ಕದಲ್ಲಿ ‘ಶಂಕೆ’ ಬಂದರೆ ಅದು ‘ಹೌದು’ ಎಂಬ ಕಡೆಗೆ, ‘ವುದು’ ಎಂಬುದರ ಪಕ್ಕದಲ್ಲಿ ‘ಅನುಮಾನ’ ಬಂದರೆ ಅದು ‘ಇಲ್ಲ’ ಎಂಬ ಕಡೆಗೆ. ಸುದ್ದಿಸಂಸ್ಥೆಗಳ ಇಂಗ್ಲಿಷ್ ಪ್ರತಿಯನ್ನು ಕನ್ನಡಕ್ಕೆ ತರುವ ಹೊಸ ಹುಡುಗರು ತಪ್ಪುವುದೂ ಇಲ್ಲಿಯೇ. ‘ಡಾಕ್ಟರ್ಸ್ ಡೌಟ್’ ಎಂದಿದ್ದನ್ನು ‘ವೈದ್ಯರು ಅನುಮಾನ ವ್ಯಕ್ತಪಡಿಸಿದ್ದಾರೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಯಾವ ಕಡೆಗೆ ಅನುಮಾನ ಎಂದು ನಾನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಹಠಮಾರಿ

ಎಲ್ಲರೂ ಇಷ್ಟು ಕಳವಳಪಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಭಾರತದ ಇಂಗ್ಲಿಷ್ ತನ್ನದೇ ಆದ ಒಂದು ಇಂಗ್ಲಿಷ್. ಇಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದರೆ ‘ನನ್ನದೊಂದು ಪ್ರಶ್ನೆ ಇದೆ’ ಎಂದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲ ತರಗತಿಗಳಿಗೂ ಗೊತ್ತು. ‘ಅವನ ಮೇಲೆ ಡೌಟು’ ಎಂದರೆ ಅವನೇ ಮಾಡಿದ್ದು ಎಂಬ ಎಣಿಕೆ ಎಂಬುದೂ ಗೊತ್ತು. ತಪ್ಪು ಓದಿದ್ದು ಕೇಂದ್ರ ಕಚೇರಿಯವರು. ತಿದ್ದಿಕೊಳ್ಳಬೇಕಾದವರು ಪತ್ರ ಬರೆದವರು ಎಂಬ ನ್ಯಾಯ ಎಲ್ಲಿಯದು?

ನಿವೃತ್ತ ಮೇಷ್ಟ್ರು

ಆಕ್ಷೇಪ ಒಳ್ಳೆಯದೇ. ತರಗತಿಯ ‘ಡೌಟ್’ ಕುರಿತು ನನಗೂ ತಕರಾರಿಲ್ಲ. ಅದು ನಾಮಪದವಾಗಿ ಇಲ್ಲಿ ಬೇರೆಯೇ ಸಂಸಾರ ಹೂಡಿದೆ. ಆದರೆ ಕ್ರಿಯಾಪದದ ವಿಷಯದಲ್ಲಿ ಇಲ್ಲಿನವರಿಗೇ ಒಮ್ಮತವಿಲ್ಲ ಎಂಬುದನ್ನು ನಿಮ್ಮ ಉದಾಹರಣೆಯೇ ತೋರಿಸುತ್ತದೆ. ‘ಅವನ ಮೇಲೆ ಡೌಟು’ ಎಂಬುದು ‘ಹೌದು’ ಎಂಬ ಕಡೆಗೆ ವಾಲುತ್ತದೆ, ಸರಿ. ‘ನಾಳೆ ಬರ್ತಾನಾ?’ ಎಂದು ಕೇಳಿದಾಗ ‘ಡೌಟು’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರೆ ಅದು ಯಾವ ಕಡೆಗೆ? ಅಡುಗೆಮನೆಯಲ್ಲಿ ಒಬ್ಬರ ಪಾಲಿನ ಅಕ್ಕಿಯನ್ನು ಆಗಲೇ ಕಡಿಮೆ ಮಾಡಿರುತ್ತಾರೆ. ಕನ್ನಡದೊಳಗೆ ಬಂದು ಕುಳಿತ ‘ಡೌಟು’ ಕೂಡ ಸುತ್ತಲಿನ ಮಾತಿನಿಂದಲೇ ತನ್ನ ದಿಕ್ಕನ್ನು ಪಡೆಯುತ್ತದೆ. ಪತ್ರದ ಇಂಗ್ಲಿಷಿಗೆ ಆ ಸುತ್ತಲಿನ ಮಾತು ಇರುವುದಿಲ್ಲ.

ಅಬರ್ಡೀನ್ ಕನ್ನಡತಿ

ಹಠಮಾರಿ ಅವರಿಗೆ ಅನಿರೀಕ್ಷಿತವಾದ ಕಡೆಯಿಂದ ಒಂದು ಬೆಂಬಲ. ನಾನು ಸ್ಕಾಟ್ಲೆಂಡಿಗೆ ಬಂದ ಮೊದಲ ವರ್ಷ, ಒಂದು ಮಧ್ಯಾಹ್ನ ಕೆಲಸದಿಂದ ಹೊರಡುವಾಗ ಕಿಟಕಿಯ ಬಳಿ ನಿಂತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಆಕಾಶ ನೋಡಿ ‘ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್’ ಎಂದರು. ಮೇಷ್ಟ್ರಂಥವರ ಕೈಯಲ್ಲಿ ಕಲಿತವಳಾದ್ದರಿಂದ ಮಳೆ ಬರುವುದಿಲ್ಲ ಎಂದು ತಿಳಿದು ಕೊಡೆಯನ್ನು ಮೇಜಿನ ಕೆಳಗೇ ಬಿಟ್ಟು ಹೊರಟೆ. ಬಸ್ ನಿಲ್ದಾಣ ಸೇರುವಷ್ಟರಲ್ಲಿ ಕೋಟಿನ ಒಳಗಿನ ಸ್ವೆಟರ್ ಕೂಡ ನೆನೆದಿತ್ತು. ಮರುದಿನ ಹೇಳಿದರೆ ಅವರು ನಕ್ಕುಬಿಟ್ಟರು. ಇಲ್ಲಿನ ಹಳಬರ ಬಾಯಲ್ಲಿ ಆ ಮಾತಿಗೆ ‘ಮಳೆ ಬಂದೀತೆಂದು ಕಾಣುತ್ತದೆ’ ಎಂದೇ ಅರ್ಥ. ನಮ್ಮೂರಿನ ‘ಅನುಮಾನ’ವನ್ನು ಇಷ್ಟು ದೂರದಲ್ಲಿ ಇಂಗ್ಲಿಷಿನ ಬಾಯಿಂದಲೇ ಕೇಳಿದಂತಾಯಿತು.

ನಿವೃತ್ತ ಮೇಷ್ಟ್ರು

ಅಬರ್ಡೀನಿನ ಮೇಡಂ ಅವರಿಗೆ ಅನಂತ ವಂದನೆಗಳು. ನಿಮ್ಮ ಕೊಡೆ ಬಹಳ ಹಳೆಯ ಕಥೆಯೊಂದನ್ನು ಬಿಚ್ಚಿತು. ಸ್ಕಾಟ್ಲೆಂಡಿನವರು ಉಳಿಸಿಕೊಂಡಿರುವುದು ಹಿಂದೆ ಇಂಗ್ಲೆಂಡಿನಲ್ಲಿಯೂ ಇದ್ದ ಬಳಕೆಯನ್ನು. ಈ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, ಅಲ್ಲಿ ಅದಕ್ಕೆ ‘ಹೆದರು’ ಎಂಬ ಅರ್ಥವೂ ಇತ್ತು. ಕೆಟ್ಟದ್ದು ಆಗಿರಬಹುದೆಂದು ಹೆದರುವವನು ಆಗಿದೆ ಎಂಬ ಕಡೆಗೇ ವಾಲುತ್ತಾನಲ್ಲವೇ? 1600ರ ಆಸುಪಾಸಿನ ಶೇಕ್ಸ್‌ಪಿಯರನ ಹ್ಯಾಮ್ಲೆಟ್, ತಂದೆಯ ಪ್ರೇತ ಕಾಣಿಸಿಕೊಂಡ ಸುದ್ದಿ ಕೇಳಿ, ಏನೋ ಮೋಸ ನಡೆದಿದೆ ಎಂಬ ತನ್ನ ಅನುಮಾನವನ್ನು ಹೇಳುವುದು ‘ಡೌಟ್’ ಎಂಬ ಕ್ರಿಯಾಪದದಿಂದಲೇ. ಅದೇ ನಾಟಕದಲ್ಲಿ ಅವನು ಒಫೀಲಿಯಾಗೆ ಬರೆದ ನಾಲ್ಕು ಸಾಲಿನ ಪದ್ಯದಲ್ಲಿ ಈ ಕ್ರಿಯಾಪದ ನಾಲ್ಕು ಸಲ ಬರುತ್ತದೆ. ನಕ್ಷತ್ರಗಳು ಬೆಂಕಿಯೆಂಬುದನ್ನು ಬೇಕಾದರೆ ನಂಬಬೇಡ ಎನ್ನುವಾಗ ಅದು ಇಂದಿನ ‘ಡೌಟ್’. ಸತ್ಯವೇ ಸುಳ್ಳುಗಾರನೆಂದು ಬೇಕಾದರೆ ಅನುಮಾನಿಸು ಎನ್ನುವಾಗ ಅದು ಇಂದಿನ ‘ಸಸ್ಪೆಕ್ಟ್’. ಒಂದೇ ಉಸಿರಿನಲ್ಲಿ ಎರಡೂ ಅರ್ಥ.

ಇನ್ನೊಂದು ಸಣ್ಣ ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಬಿಡಲಾರೆ. ಹಿಂದಿನ ಕಾಲದ ಇಂಗ್ಲಿಷಿನವರು ಈ ಪದವನ್ನು ‘ಬಿ’ ಅಕ್ಷರವಿಲ್ಲದೆಯೇ ಬರೆಯುತ್ತಿದ್ದರು. ಮೂಲ ಲ್ಯಾಟಿನ್ನಿನಲ್ಲಿ ಅದು ಇದೆಯೆಂದು ಪಂಡಿತರು ಮುಂದೆ ಕಾಗುಣಿತದಲ್ಲಿ ತುರುಕಿದರೇ ಹೊರತು ಯಾರ ನಾಲಿಗೆಯೂ ಅದನ್ನು ಉಚ್ಚರಿಸಲಿಲ್ಲ. ಕನ್ನಡದಲ್ಲಿ ನಾವು ‘ಡೌಟ್’ ಎಂದು ಬರೆಯುವಾಗ ಆ ಪಂಡಿತರನ್ನು ಬದಿಗಿಟ್ಟು ಹಳಬರ ಜೊತೆಗೇ ನಿಂತಿರುತ್ತೇವೆ.

ಹಠಮಾರಿ

ಹಾಗಾದರೆ ಚೀಲದ ಲೆಕ್ಕದವರು ಶೇಕ್ಸ್‌ಪಿಯರನ ಇಂಗ್ಲಿಷಿನಲ್ಲಿ ಪತ್ರ ಬರೆದರು ಎಂದಾಯಿತು. ನಾನು ಗೆದ್ದೆ.

ಚೀಲದ ಲೆಕ್ಕ

ಅದನ್ನು ದಾಸ್ತಾನು ತೂಗಿಸುವ ಮೊದಲೇ ಯಾರಾದರೂ ಅವರಿಗೆ ಹೇಳಿದ್ದರೆ ಚೆನ್ನಾಗಿತ್ತು.

ತರ್ಕದ ವಿದ್ಯಾರ್ಥಿ

ಮೈಸೂರಿನಲ್ಲಿ ಸಂಸ್ಕೃತ ಓದುತ್ತಿರುವ ನನಗೆ ಈ ಚರ್ಚೆಯಲ್ಲಿ ಬಹಳ ಸ್ವಾರಸ್ಯವಾಗಿ ಕಂಡದ್ದು, ನಾವು ಕಲಸಿಬಿಟ್ಟಿರುವ ‘ಸಂಶಯ’, ‘ಅನುಮಾನ’ ಎಂಬ ಈ ಎರಡು ಪದಗಳು ನ್ಯಾಯಶಾಸ್ತ್ರದಲ್ಲಿ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ, ಸ್ಪಷ್ಟವಾಗಿ ಬೇರೆಬೇರೆ ಎಂಬುದು. ಅಲ್ಲಿ ‘ಸಂಶಯ’ ಎಂದರೆ ಒಂದೇ ವಸ್ತುವಿನ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ತಿಳಿವುಗಳ ನಡುವೆ ತೂಗಾಡುವುದು. ಮಬ್ಬು ಬೆಳಕಿನಲ್ಲಿ ದೂರಕ್ಕೆ ನೆಟ್ಟಗೆ ಏನೋ ಕಾಣುತ್ತದೆ; ಅದು ಮೋಟು ಮರವೋ ಮನುಷ್ಯನೋ ಎಂಬುದು ಅದಕ್ಕೆ ಕೊಡುವ ಹಳೆಯ ಉದಾಹರಣೆ. ಅಲ್ಲಿರುವ ಎರಡು ‘ಓ’ಗಳನ್ನು ಗಮನಿಸಿ, ಮೇಷ್ಟ್ರು ಹೇಳಿದ ನಡುವೆ ನಿಂತ ತಕ್ಕಡಿ ಇದೇ. ‘ಅನುಮಾನ’ ಎಂಬುದಾದರೋ ಪ್ರತ್ಯಕ್ಷ, ಉಪಮಾನ, ಶಬ್ದ ಇವುಗಳ ಜೊತೆಗೆ ಎಣಿಸುವ ಒಂದು ಪ್ರಮಾಣ, ಅಂದರೆ ಸರಿಯಾದ ತಿಳಿವನ್ನು ಪಡೆಯುವ ಒಂದು ಸಾಧನ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಅದರಲ್ಲಿ ತೂಗಾಟವಿಲ್ಲ, ಗುರುತಿನಿಂದ ವಸ್ತುವಿನ ಕಡೆಗೆ ಹೋಗುವ ನೇರವಾದ ನಡಿಗೆ ಇದೆ.

ಹಾಗೆ ನೋಡಿದರೆ ಚೀಲದ ಲೆಕ್ಕದವರು ಬಿಳಿ ದಾರವನ್ನು ಕಂಡು ಚೀಲ ಬಿಚ್ಚಿದ್ದನ್ನು ತಿಳಿದದ್ದು ಶಾಸ್ತ್ರದ ಅರ್ಥದಲ್ಲಿಯೇ ‘ಅನುಮಾನ’. ಆಡುಮಾತಿನಲ್ಲಿ ಸಂಶಯ, ಸಂದೇಹ, ಅನುಮಾನ, ಶಂಕೆ ಎಲ್ಲವೂ ಒಂದೇ ಡಬ್ಬಿಯಲ್ಲಿ ಬಿದ್ದು ಗಡಿ ಅಳಿಸಿಹೋಗಿದೆ. ‘ಡೌಟ್’ ಎಂಬುದಕ್ಕೆ ‘ಸಂಶಯಪಡು’ ಎಂದೂ ‘ಸಸ್ಪೆಕ್ಟ್’ ಎಂಬುದಕ್ಕೆ ‘ಅನುಮಾನಿಸು’ ಎಂದೂ ನಿಘಂಟಿನವರು ಹಂಚಿಕೊಟ್ಟಿದ್ದರೆ ಶಾಸ್ತ್ರಕ್ಕೂ ಬಳಕೆಗೂ ಹೊಂದುತ್ತಿತ್ತು.

ಕರಡು ತಿದ್ದುವವಳು

ಹಂಚಿಕೆ ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ; ಆದರೆ ‘ಬರುವುದು ಅನುಮಾನ’ ಎಂದು ಬರೆಯುವುದನ್ನು ನಿಲ್ಲಿಸಿ ಎಂದು ನನ್ನ ಮೇಜಿನ ಮೇಲೆ ಫಲಕ ಹಾಕಿದರೂ ಯಾರೂ ನಿಲ್ಲಿಸುವುದಿಲ್ಲ. ‘ಸಸ್ಪೆಕ್ಟ್’ ಎಂಬುದಕ್ಕೆ ನಮ್ಮಲ್ಲಿ ಈಗಾಗಲೇ ಒಂದು ಗಟ್ಟಿಯಾದ ಪದ ಇರುವುದನ್ನು ಇಲ್ಲಿ ಯಾರೂ ನೆನೆಯಲಿಲ್ಲವೇಕೆ? ‘ಗುಮಾನಿ’. ಪಾರಸಿಯ ಕಡೆಯಿಂದ ಬಂದು ಪೊಲೀಸ್ ಠಾಣೆಯಲ್ಲಿ ನೆಲೆಸಿದ ಪದ. ‘ಅವನ ಮೇಲೆ ಗುಮಾನಿ’ ಎಂದರೆ ಅದಕ್ಕೆ ಒಂದೇ ದಿಕ್ಕು. ‘ಅವನು ಬರುವುದು ಗುಮಾನಿ’ ಎಂದು ನಾನು ಯಾರ ಬಾಯಲ್ಲೂ ಕೇಳಿಲ್ಲ.

ವಕಾಲತ್ತು

ಗುಮಾನಿಯ ಪ್ರಸ್ತಾಪ ಬಂದದ್ದರಿಂದ ನ್ಯಾಯಾಲಯದ ಕಡೆಯಿಂದ ಒಂದು ಮಾತು. ಕಾನೂನಿನಲ್ಲಿ ಈ ಎರಡು ಕ್ರಿಯಾಪದಗಳು ಒಂದೇ ಮೊಕದ್ದಮೆಯ ಎರಡು ತುದಿಗಳಲ್ಲಿ ನಿಂತಿವೆ. ಪೊಲೀಸರು ವಾರಂಟ್ ಇಲ್ಲದೆ ಯಾವಾಗ ಬಂಧಿಸಬಹುದು ಎಂದು ಹೇಳುವ ವಿಧಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 41ನೆಯದಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 35ನೆಯದು. ಅಲ್ಲಿ ಹೇಳಿರುವ ಆಧಾರಗಳಲ್ಲಿ ಸಕಾರಣವಾದ ಗುಮಾನಿಯೂ ಒಂದು. ವಿಚಾರಣೆ ಮುಗಿದು ತೀರ್ಪಿನ ಹೊತ್ತಿಗೆ ಬಂದಾಗ ಕೇಳುವುದು ಇನ್ನೊಂದನ್ನು: ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪ ರುಜುವಾತಾಗಿದೆಯೇ? ಅಂಥ ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. ಅಂದರೆ ಹಿಡಿಯುವುದಕ್ಕೆ ‘ಸಸ್ಪೆಕ್ಟ್’ ಸಾಕು, ಬಿಡುವುದಕ್ಕೆ ‘ಡೌಟ್’ ಸಾಕು. ಗುಮಾನಿ ಎಷ್ಟೇ ಬಲವಾಗಿದ್ದರೂ ಅದು ಸಾಕ್ಷ್ಯದ ಜಾಗವನ್ನು ತುಂಬಲಾರದು ಎಂದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕನ್ನಡದ ತೀರ್ಪುಗಳಲ್ಲಿ ಎರಡು ಕಡೆಯೂ ‘ಅನುಮಾನ’ ಎಂದೇ ಬರೆದರೆ ಕಕ್ಷಿದಾರನಿಗೆ ಏನು ಅರ್ಥವಾದೀತು? ಅದಕ್ಕಾಗಿಯೇ ನಾನು ‘ಸಂಶಯದ ಲಾಭ’ ಎಂದು ಮಾತ್ರ ಬರೆಯುತ್ತೇನೆ, ‘ಅನುಮಾನದ ಲಾಭ’ ಎಂದು ಬರೆಯುವುದಿಲ್ಲ.

ಒಂದು ತೊಡಕನ್ನೂ ಹೇಳಬೇಕು. ವ್ಯಕ್ತಿಯನ್ನೇ ಕರ್ಮವಾಗಿ ಇಟ್ಟಾಗ ಮೇಷ್ಟ್ರ ತಕ್ಕಡಿ ಚೆನ್ನಾಗಿಯೇ ತೂಗುತ್ತದೆ: ‘ಐ ಸಸ್ಪೆಕ್ಟ್ ಹಿಮ್’ ಎಂದರೆ ಅವನೇ ಮಾಡಿದ್ದಾನೆ, ‘ಐ ಡೌಟ್ ಹಿಮ್’ ಎಂದರೆ ಅವನ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಒಬ್ಬನ ಉದ್ದೇಶವನ್ನೋ ಪ್ರಾಮಾಣಿಕತೆಯನ್ನೋ ಕರ್ಮವಾಗಿ ಇಟ್ಟರೆ ‘ಸಸ್ಪೆಕ್ಟ್’ ಕೂಡ ‘ಇದೆ ಎಂದು ನಂಬಲಾರೆ’ ಎಂಬ ಕಡೆಗೇ ತಿರುಗುತ್ತದೆ. ಅಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಮಾತು.

ನಿವೃತ್ತ ಮೇಷ್ಟ್ರು

ತೊಡಕನ್ನು ಒಪ್ಪಿಕೊಂಡೆ. ಈಗ ನನ್ನ ‘ಬಾಲ’ದ ಮಾತನ್ನು ಇನ್ನು ಸ್ವಲ್ಪ ಮುಂದಕ್ಕೆ ಎಳೆಯಲು ಅನುಮತಿ ಕೊಡಿ, ಏಕೆಂದರೆ ಇದು ಒಂದೇ ಜೋಡಿಯ ಕಥೆಯಲ್ಲ. ‘ಅವನು ಬಂದನೇ ಎಂದು ಕೇಳಿದೆ’ ಎಂದರೆ ಇಂಗ್ಲಿಷಿನಲ್ಲಿ ‘ಆಸ್ಕ್’. ‘ಅವನು ಬಂದನೆಂದು ಕೇಳಿದೆ’ ಎಂದರೆ ‘ಹಿಯರ್’. ನಮ್ಮ ಕ್ರಿಯಾಪದ ಎರಡರಲ್ಲಿಯೂ ‘ಕೇಳು’. ಅರ್ಥವನ್ನು ಬೇರ್ಪಡಿಸಿದ್ದು ಒಂದು ‘ಏ’ಕಾರ. ಇನ್ನು ‘ಹಾಡು ಕೇಳಿದೆ’ ಎಂದರೆ ‘ಲಿಸನ್’, ‘ಹಾಡು ಕೇಳಿಸಿತು’ ಎಂದರೆ ಮತ್ತೆ ‘ಹಿಯರ್’. ಅಲ್ಲಿ ‘ನಾನು’ ಎಂಬುದು ‘ನನಗೆ’ ಆಗುವುದೇ ಗುರುತು. ಕಿವಿ ಕೊಟ್ಟವನು ‘ನಾನು’, ಕಿವಿಗೆ ತಾನಾಗಿ ಬಿದ್ದರೆ ‘ನನಗೆ’. ಈ ಒಂದು ಸೂತ್ರವನ್ನು ಹಿಡಿದುಕೊಂಡ ಮೇಲೆ ‘ನೋಡಿದೆ’, ‘ನನಗೆ ಕಂಡಿತು’ ಎಂಬ ನಮ್ಮ ಜೋಡಿಯಿಂದಲೇ ‘ಲುಕ್’, ‘ಸೀ’ ಎಂಬುದನ್ನು ಕಲಿಸಲು ನನಗೆ ಒಂದು ಪೀರಿಯಡ್ ಸಾಕಾಗುತ್ತಿತ್ತು. ಅದಕ್ಕೆ ಮೊದಲು ಒಂದು ವಾರ ಹಿಡಿಯುತ್ತಿತ್ತು.

ನನಗೆ ಬಹಳ ಇಷ್ಟವಾದ ಜೋಡಿ ‘ಡಿನೈ’ ಮತ್ತು ‘ರೆಫ್ಯೂಸ್’. ನಿಘಂಟಿನಲ್ಲಿ ಎರಡಕ್ಕೂ ‘ನಿರಾಕರಿಸು’. ಮಕ್ಕಳು ‘ಹಿ ಡಿನೈಡ್ ಟು ಕಮ್’ ಎಂದು ಬರೆಯುತ್ತಾರೆ. ಈ ಚರ್ಚೆಯ ಲಾರಿಯನ್ನೇ ತೆಗೆದುಕೊಳ್ಳಿ. ‘ಚೀಲ ಬಿಚ್ಚಿದ್ದನ್ನು ಚಾಲಕ ಒಪ್ಪಲಿಲ್ಲ’ ಎಂದರೆ ‘ಡಿನೈ’. ‘ಚೀಲ ಬಿಚ್ಚಲು ಚಾಲಕ ಒಪ್ಪಲಿಲ್ಲ’ ಎಂದರೆ ‘ರೆಫ್ಯೂಸ್’. ಮೊದಲನೆಯವನು ಆದದ್ದನ್ನು ಅಲ್ಲಗಳೆದವನು, ಕಳ್ಳನೂ ಆಗಿರಬಹುದು. ಎರಡನೆಯವನು ಮಾಡಬೇಕಾದದ್ದಕ್ಕೆ ಒಲ್ಲೆ ಎಂದವನು, ಪ್ರಾಮಾಣಿಕನೂ ಆಗಿರಬಹುದು. ‘ದ್ದನ್ನು’ ಹಿಂದಕ್ಕೆ ನೋಡುತ್ತದೆ, ‘ಲು’ ಮುಂದಕ್ಕೆ ನೋಡುತ್ತದೆ. ‘ರೆಫ್ಯೂಸ್’ ಎಂಬುದರ ಪಕ್ಕದಲ್ಲಿ ‘ಟು’ ಬರುವುದೂ ‘ಡಿನೈ’ ಎಂಬುದರ ಪಕ್ಕದಲ್ಲಿ ಅದು ಬಾರದಿರುವುದೂ ಇದೇ ಕಾರಣಕ್ಕೆ.

ಕರಡು ತಿದ್ದುವವಳು

ಮೇಷ್ಟ್ರೇ, ನಿಮ್ಮ ಬಾಲ ಎಲ್ಲ ಕಡೆಯೂ ಅಲ್ಲಾಡುವುದಿಲ್ಲ. ‘ಅಂಗಡಿಯನ್ನು ದೋಚಿದರು’, ‘ಚಿನ್ನವನ್ನು ದೋಚಿದರು’. ಎರಡರಲ್ಲಿಯೂ ಅದೇ ‘ಅನ್ನು’. ಇಂಗ್ಲಿಷಿನಲ್ಲಿ ಅಂಗಡಿಗೆ ‘ರಾಬ್’, ಚಿನ್ನಕ್ಕೆ ‘ಸ್ಟೀಲ್’. ಕಳೆದುಕೊಂಡ ಮನುಷ್ಯನೋ ಜಾಗವೋ ‘ರಾಬ್’ ಎಂಬುದರ ಮುಂದೆ ಬರಬೇಕು, ಕಳೆದುಹೋದ ವಸ್ತು ‘ಸ್ಟೀಲ್’ ಎಂಬುದರ ಮುಂದೆ ಬರಬೇಕು. ಇಲ್ಲಿ ಕನ್ನಡದ ವಾಕ್ಯ ನಮಗೆ ಯಾವ ಗುರುತನ್ನೂ ಕೊಡುವುದಿಲ್ಲ.

ವಕಾಲತ್ತು

ಅದಕ್ಕೆ ಸೇರಿಸುವುದಾದರೆ, ಕಾನೂನಿನಲ್ಲಿ ಇವು ಬೇರೆಬೇರೆ ಅಪರಾಧಗಳು. ಭಾರತೀಯ ನ್ಯಾಯ ಸಂಹಿತೆಯ 303ನೆಯ ವಿಧಿ ಕಳವು, 309ನೆಯದು ಹಿಂಸೆಯೋ ಬೆದರಿಕೆಯೋ ಸೇರಿದ ಸುಲಿಗೆ. ನಡುವೆ 304ನೆಯದಾಗಿ, ಕೈಯಿಂದಲೋ ಕೊರಳಿನಿಂದಲೋ ಸರಕ್ಕನೆ ಕಿತ್ತುಕೊಂಡು ಹೋಗುವುದನ್ನು ಹೊಸದಾಗಿ ಪ್ರತ್ಯೇಕ ಅಪರಾಧವಾಗಿ ಸೇರಿಸಿದ್ದಾರೆ. ಕನ್ನಡ ಪತ್ರಿಕೆಗಳು ‘ಸರಗಳ್ಳತನ’ ಎಂದು ಎಷ್ಟೋ ವರ್ಷದಿಂದ ಬರೆಯುತ್ತಿದ್ದದ್ದಕ್ಕೆ ಕಾನೂನು ಈಗ ತನ್ನ ಕ್ರಿಯಾಪದವನ್ನು ಹುಡುಕಿಕೊಂಡಿದೆ.

ನಿವೃತ್ತ ಮೇಷ್ಟ್ರು

ದೋಚುವ ವಿಷಯದಲ್ಲಿ ಸೋಲನ್ನು ಒಪ್ಪಿಕೊಂಡೆ. ಅದನ್ನು ಬಾಯಿಪಾಠವೇ ಮಾಡಬೇಕು.

ಚೀಲದ ಲೆಕ್ಕ

ಎಲ್ಲರಿಗೂ ಧನ್ಯವಾದಗಳು. ಮೊನ್ನೆ ಎರಡನೆಯ ಪತ್ರ ಬರೆದೆವು, ಅದರ ವಿಷಯವನ್ನು ತಿಳಿಸುತ್ತೇನೆ. ಈ ಸಲ ‘ವೀ ಸಸ್ಪೆಕ್ಟ್’ ಎಂದು ಸರಿಯಾಗಿ ಬರೆದು ನಮ್ಮ ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಆ ಪದದ ಕೆಳಗೆ ಗೆರೆ ಎಳೆದು, ‘ಇದರ ಪ್ರತಿ ಲಾರಿಯ ಮಾಲೀಕರಿಗೂ ಹೋಗುತ್ತದೆ ಕಣಯ್ಯಾ, ಇದು ನೇರವಾಗಿ ಅವರ ಮೇಲೆ ಆರೋಪ ಹೊರಿಸಿದ ಹಾಗಾಗುತ್ತದೆ’ ಎಂದರು. ‘ಡೌಟ್’ ಎಂದು ಬರೆದರೆ ನಾವು ಸಿಕ್ಕಿಬೀಳುತ್ತೇವೆ, ‘ಸಸ್ಪೆಕ್ಟ್’ ಎಂದು ಬರೆದರೆ ಲಾರಿಯವರು ಸಿಟ್ಟಾಗುತ್ತಾರೆ. ಕೊನೆಗೆ ಎರಡನ್ನೂ ಹೊಡೆದುಹಾಕಿ, ನಮ್ಮಲ್ಲಿಂದ ಹೊರಟಾಗ ಒಂಬತ್ತು ಚೀಲಗಳಲ್ಲಿಯೂ ಇದ್ದದ್ದು ನೀಲಿ ದಾರ, ಮಂಗಳೂರಿನಲ್ಲಿ ಇಳಿಸಿದಾಗ ಇದ್ದದ್ದು ಬಿಳಿ ದಾರ ಎಂದಷ್ಟೇ ಬರೆದು, ಎರಡು ದಾರದ ತುಂಡುಗಳನ್ನೂ ಕಾಗದಕ್ಕೆ ಪಿನ್ ಮಾಡಿ ಕಳಿಸಿದೆವು. ಮೊದಲ ಪತ್ರದಲ್ಲಿ ಆ ದಾರದ ವಿಷಯವನ್ನು ನಾನು ಬರೆದೇ ಇರಲಿಲ್ಲ.

ಕರಡು ತಿದ್ದುವವಳು

ನಮ್ಮಲ್ಲಾಗಿದ್ದರೆ ‘ದಾರಿಯಲ್ಲಿ ಚೀಲಗಳನ್ನು ಬಿಚ್ಚಲಾಗಿದೆ ಎನ್ನಲಾಗಿದೆ’ ಎಂದು ಮುಗಿಸಿಬಿಡುತ್ತಿದ್ದೆವು.